ಬ್ರೇಕಿಲ್ಲದ ಬಂಡಿಯ ಮೇಲೆ ಒಂಬತ್ತು ವರ್ಷ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಳೆ ವಿದ್ಯಾರ್ಥಿಗಳು ತಮ್ಮ ‘ಸಾಧನೆ’ಯ ಕುರಿತು ಲೇಖನ ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಿದ್ದಾರೆ. ಸಾಧನೆಯೆಂದು ಹೇಳಿಕೊಳ್ಳುವಂಥದು ನನ್ನಲ್ಲಿ ಹೆಚ್ಚೇನೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೂವತ್ತು ವರ್ಷ ಇಂಜಿನಿಯರನಾಗಿ ದುಡಿದದ್ದು ಹೊಟ್ಟೆಪಾಡಿನ ಮಾತು. ಅಂಥದನ್ನು ನನಗಿಂತ ಚೆನ್ನಾಗಿ ಮಾಡಿದವರು ನಮ್ಮ ಶಾಲೆಯಲ್ಲಿಯೇ ಅನೇಕರಿದ್ದಾರೆ. ಆದುದರಿಂದ ಐವತ್ತೊಂದನೆಯ ವಯಸ್ಸಿನಲ್ಲಿ ಕೈಗೆತ್ತಿಕೊಂಡು ಅರವತ್ತರಲ್ಲಿ ಕೈಬಿಟ್ಟ, ದೊಡ್ಡ ಬಹುಮಾನವೊಂದನ್ನೂ ತಂದುಕೊಡದ ಒಂದು ಆಟದ ಅನುಭವವನ್ನು ಬರೆಯುತ್ತಿದ್ದೇನೆ. ಅದು ಸ್ಪೀಡ್‌ವೇ ಎಂಬ ಮೋಟಾರು ಸೈಕಲ್ ಓಟ.

ಈ ಆಟ ನಮ್ಮ ನಾಡಿನಲ್ಲಿ ಅಷ್ಟಾಗಿ ಪರಿಚಿತವಲ್ಲವಾದುದರಿಂದ ಮೊದಲು ಅದರ ಸ್ವರೂಪವನ್ನು ಹೇಳಬೇಕು. ಮಣ್ಣಿನ ಅಂಡಾಕಾರದ ಹಾದಿ. ನಾಲ್ವರು ಸವಾರರು, ನಾಲ್ಕು ಸುತ್ತು. ಸುತ್ತುವುದು ಯಾವಾಗಲೂ ಎಡಕ್ಕೆ. ಮುಂದೆ ಅಡ್ಡಲಾಗಿ ಕಟ್ಟಿದ ಟೇಪು ಮೇಲಕ್ಕೆ ಚಿಮ್ಮಿದೊಡನೆ ಓಟ ಆರಂಭ. ಅದಕ್ಕೂ ಮೊದಲು ಟೇಪನ್ನು ಮುಟ್ಟಿದವನು ಓಟದಿಂದ ಹೊರಗೆ. ಸುಮಾರು ಒಂದು ನಿಮಿಷದೊಳಗೆ ಎಲ್ಲವೂ ಮುಗಿಯುತ್ತದೆ. ಮೊದಲಿಗನಿಗೆ ಮೂರು ಅಂಕ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ. ಗಾಡಿಯ ಇಂಜಿನ್ 500 ಸಿ.ಸಿ.ಯ ಒಂದೇ ಸಿಲಿಂಡರಿನದು; ಕುಡಿಯುವುದು ಪೆಟ್ರೋಲನ್ನಲ್ಲ, ಮೆಥನಾಲನ್ನು. ಗಾಡಿಯ ತೂಕ 77 ಕಿಲೋಗ್ರಾಮಿಗಿಂತ ಕಡಿಮೆ ಇರಕೂಡದೆಂಬ ನಿಯಮವಿದೆ; ಹೆಚ್ಚಿನ ಗಾಡಿಗಳು ಅದರ ಆಸುಪಾಸಿನಲ್ಲಿಯೇ ಇರುತ್ತವೆ. ಗೇರು ಒಂದೇ. ಬ್ರೇಕು ಇಲ್ಲವೇ ಇಲ್ಲ, ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಸವಾರನ ಬಲ ಮಣಿಕಟ್ಟಿಗೆ ಒಂದು ಹುರಿ ಕಟ್ಟಿರುತ್ತದೆ. ಅವನು ಬಿದ್ದರೆ ಹುರಿ ಕಳಚಿ ಇಂಜಿನ್ ನಿಲ್ಲುತ್ತದೆ. ಎಡಗಾಲಿನ ಬೂಟಿನ ಅಡಿಗೆ, ಎತ್ತಿಗೆ ಲಾಳ ಕಟ್ಟಿದಂತೆ, ಉಕ್ಕಿನ ತಗಡು.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನ ವೆಸ್ಟ್ ಮೈಟ್‌ಲ್ಯಾಂಡಿನಲ್ಲಿ 1923ರ ಡಿಸೆಂಬರಿನಲ್ಲಿ ನಡೆದ ಓಟವನ್ನು ಈ ಆಟದ ಆರಂಭವೆಂದು ಸಾಮಾನ್ಯವಾಗಿ ಹೇಳುವುದುಂಟು. 1928ರಲ್ಲಿ ಅದು ಇಂಗ್ಲೆಂಡಿನ ಹೈ ಬೀಚ್‌ಗೆ ಬಂತು. 1936ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ ನಡೆಯಿತು. ಮರುವರ್ಷ ಮೊದಲ ಮೂರು ಸ್ಥಾನಗಳನ್ನೂ ಅಮೆರಿಕದವರೇ ಗೆದ್ದರು. ನಾನಿರುವ ದಕ್ಷಿಣ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ, ಆರೆಂಜ್ ಕೌಂಟಿಯ ಜಾತ್ರೆ ಮೈದಾನದಲ್ಲಿ, 1969ರಲ್ಲಿ ಈ ಓಟ ಬೇರೂರಿತು. ಬಹಳ ಚಿಕ್ಕ ಹಾದಿ ಅದು. ಮೇಲಿನ ಸಾಲಿನಲ್ಲಿ ಕುಳಿತವನ ಮಡಿಲಿಗೂ ಮಣ್ಣು ಬಂದು ಬೀಳುತ್ತದೆ. ಆ ಪರಿಸರದಲ್ಲಿ ಬೆಳೆದ ಬ್ರೂಸ್ ಪೆನ್‌ಹಾಲ್ 1981 ಮತ್ತು 1982ರಲ್ಲಿ ವಿಶ್ವ ಚಾಂಪಿಯನ್ ಆದರು.

ಕೆಲಸಕ್ಕಾಗಿ ಆ ಊರ ಕಡೆಗೆ ಹೋದ ನಾನು ಎಷ್ಟೋ ವರ್ಷ ಬರಿಯ ಪ್ರೇಕ್ಷಕನಾಗಿದ್ದೆ. ನನ್ನನ್ನು ಮೊದಲು ಸೆಳೆದದ್ದು ಓಟಕ್ಕಿಂತಲೂ ವಾಸನೆ. ಮೆಥನಾಲಿನಲ್ಲಿ ಓಡುವ ಇಂಜಿನ್ನುಗಳಿಗೆ ಹರಳೆಣ್ಣೆಯಿಂದ ತಯಾರಿಸಿದ ಎಣ್ಣೆಯನ್ನು ಬಳಸುವ ಪದ್ಧತಿ ಇದೆ. ಬಾಲ್ಯದಲ್ಲಿ ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆ ಸಾವಿರಾರು ಮೈಲಿಗಳಾಚೆ ಹೊಗೆಯಾಗಿ ಎದುರು ಬಂದಾಗ ನಗು ಬಂತು. ಎರಡನೆಯದು ಗಾಡಿಯ ಹೆಸರು. ನನ್ನ ಸೋದರಮಾವನ ಬಳಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಯಿತ್ತು. ಕಿಕ್ಕರನ್ನೇ ಮಡಚಿ ಗೇರಿನ ಲಿವರ್ ಮಾಡಿಕೊಳ್ಳುವ ಆ ಗಾಡಿಯ ಹಿಂದೆ ಕುಳಿತು ನಾನು ಕಾಸರಗೋಡಿನ ಪೇಟೆಯನ್ನು ನೋಡಿದವನು. 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿಹೋದ ಆ ಕಾರ್ಖಾನೆಯ ಮೂಲ ಸಂಸ್ಥೆಯಾದ ಚೆಕ್ ದೇಶದ ಜಾವಾದ ಹೆಸರನ್ನೇ ಸ್ಪೀಡ್‌ವೇ ಗಾಡಿಗಳ ಮೇಲೆ ಕಂಡೆ. ದಿವಿಶೋವ್ ಎಂಬ ಊರಿನಲ್ಲಿ ತಯಾರಾಗುವ ಗಾಡಿಗಳು ಅವು. 2013ರಲ್ಲಿ, ಮಗಳ ಕಾಲೇಜು ಮುಗಿದ ವರ್ಷ, ಅಂಥದೊಂದು ಹಳೆಯ ಗಾಡಿಯನ್ನು ಕೊಂಡು ಮನೆಗೆ ತಂದೆ. ಮನೆಯವಳು ಅದರ ಸುತ್ತ ಒಂದು ಬಾರಿ ನಡೆದು ನೋಡಿ, “ಬ್ರೇಕೇ ಇಲ್ಲದ ಗಾಡಿಯನ್ನು ದುಡ್ಡು ಕೊಟ್ಟು ತಂದಿರಲ್ಲ, ಇದೆಂಥದು ನಿಮ್ಮದು?” ಎಂದು ಕೇಳಿದಳು. ಉತ್ತರ ಹೇಳಲು ನನಗೆ ಕೆಲವು ವರ್ಷಗಳೇ ಬೇಕಾದವು.

ಬ್ರೇಕಿಲ್ಲದ ಗಾಡಿ ತಿರುಗುವ ಬಗೆಯೇ ಬೇರೆ. ತಿರುವು ಬಂದಾಗ ಸವಾರ ವೇಗವನ್ನು ಕಳೆಯುವುದಿಲ್ಲ. ಗಾಡಿಯನ್ನು ಎಡಕ್ಕೆ ವಾಲಿಸಿ, ಉಕ್ಕಿನ ಕಾಲನ್ನು ನೆಲಕ್ಕೂರಿ, ಆಕ್ಸಿಲರೇಟರನ್ನು ತಿರುವುತ್ತಾನೆ. ಹಿಂದಿನ ಚಕ್ರ ಹಿಡಿತ ತಪ್ಪಿ ಹೊರಕ್ಕೆ ಜಾರುತ್ತದೆ. ಮುಂದಿನ ಚಕ್ರವನ್ನು ಆಗ ಬಲಕ್ಕೆ, ಎಂದರೆ ತಿರುವಿಗೆ ವಿರುದ್ಧವಾಗಿ, ಹಿಡಿಯಬೇಕು. ಹೀಗೆ ಅಡ್ಡಡ್ಡ ಜಾರುತ್ತ ಹೋಗುವ ಗಾಡಿಯನ್ನು ನಡೆಸುವುದು ಹ್ಯಾಂಡಲ್ಲಿಗಿಂತ ಹೆಚ್ಚಾಗಿ ಬಲಗೈಯ ಆಕ್ಸಿಲರೇಟರ್. ಇಲ್ಲಿ ಭಯವೇ ಶತ್ರು. ಹೆದರಿದವನ ಕೈ ತಾನಾಗಿ ಆಕ್ಸಿಲರೇಟರನ್ನು ಮುಚ್ಚುತ್ತದೆ. ಜಾರುತ್ತಿದ್ದ ಚಕ್ರ ಆಗ ಥಟ್ಟನೆ ಮಣ್ಣನ್ನು ಕಚ್ಚಿ, ಗಾಡಿ ಸೆಟೆದು ನಿಂತು, ಸವಾರನನ್ನು ಬೇಲಿಯ ಕಡೆಗೆ ಎಸೆಯುತ್ತದೆ. ಕಾಪಾಡುವುದೆಂದು ದೇಹ ನಂಬಿಕೊಂಡದ್ದೇ ಇಲ್ಲಿ ಅಪಾಯಕಾರಿ. ಅಪಾಯವೆಂದು ಕಾಣುವುದೇ ಕಾಪಾಡುತ್ತದೆ. ಐವತ್ತು ವರ್ಷ ಬ್ರೇಕು ಹಿಡಿಯುತ್ತ ಬದುಕಿದವನು ಈ ಪಾಠವನ್ನು ಕಲಿಯುವುದು ಸುಲಭವಲ್ಲ. ಮೊದಲ ಆರು ತಿಂಗಳು ಅಭ್ಯಾಸದ ಮೈದಾನದಲ್ಲಿ ನಾನು ಮಾಡಿದ್ದು ವೃತ್ತಗಳನ್ನು ಬರೆಯುವುದು ಮಾತ್ರ; ಒಂದನೆಯ ತರಗತಿಯ ಮಗು ಮರಳಿನ ಮೇಲೆ ಸೊನ್ನೆ ತಿದ್ದಿದಂತೆ.

ನನ್ನ ಗುರುವಿಗೆ ಆಗ ಹದಿನಾರು ವರ್ಷ. ಅಲ್ಲಿ ಮಕ್ಕಳು ಏಳೆಂಟರ ವಯಸ್ಸಿನಲ್ಲಿಯೇ ಸಣ್ಣ ಇಂಜಿನ್ನಿನ ಗಾಡಿಗಳಲ್ಲಿ ಆರಂಭಿಸುತ್ತಾರೆ. ಹೀಗಾಗಿ ಹದಿನಾರರವನು ಹಳಬ, ಐವತ್ತೊಂದರವನು ಹೊಸಬ. ಆ ಹುಡುಗ ಬೇಲಿಯ ಮೇಲೆ ಕುಳಿತು ನನ್ನ ಸುತ್ತುಗಳನ್ನು ನೋಡಿ, ಹತ್ತಿರ ಕರೆದು, “ನೀವು ಮುಂದಿನ ಚಕ್ರವನ್ನು ನೋಡುತ್ತಿದ್ದೀರಿ, ಹೋಗಬೇಕಾದ ಕಡೆಗೆ ನೋಡಿ” ಎಂದ. ಕಚೇರಿಯಲ್ಲಿ ಇಪ್ಪತ್ತು ಮಂದಿ ನನ್ನ ಮಾತಿಗೆ ಕಾಯುತ್ತಿದ್ದ ಕಾಲವದು. ಮನೆಯಲ್ಲಿ, ಕಚೇರಿಯಲ್ಲಿ, ಅಲ್ಲಿಯ ನಮ್ಮ ಕನ್ನಡಿಗರ ಕೂಟದಲ್ಲಿ, ಎಲ್ಲೆಡೆಯೂ ನಾನು ಹೇಳಿಕೊಡುವವನೇ ಆಗಿಬಿಟ್ಟಿದ್ದೆ. ತಿಳಿಯದವನಾಗಿ ನಿಂತು ಕೇಳುವ ಸುಖವನ್ನು, 1978ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಈ ಶಾಲೆಯ ಹಿಂದಿನ ಬೆಂಚಿನಿಂದ ಎದ್ದು ಬಂದ ಮೇಲೆ, ಮತ್ತೆ ಕೊಟ್ಟವನು ಆ ಹುಡುಗ. ವಯಸ್ಸು ಕಸಿದುಕೊಳ್ಳುವ ವಸ್ತುಗಳಲ್ಲಿ ಬಲಕ್ಕಿಂತ ಮೊದಲಿನದು ವಿದ್ಯಾರ್ಥಿತನ ಎಂಬುದು ನನಗೆ ಅಂದು ಹೊಳೆಯಿತು.

ಗಡಿನಾಡಿನ ನಮ್ಮ ಓದುಗರಿಗೆ ಈ ಆಟವನ್ನು ತಿಳಿಸಲು ಕಂಬಳಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ. ಪೈವಳಿಕೆಯ ಕಡೆ ಕರೆಯ ಬದಿಯಲ್ಲಿ ನಿಂತು ನೋಡಿದವರಿಗೆ ಗೊತ್ತು: ಕೋಣಗಳಿಗೂ ಬ್ರೇಕಿಲ್ಲ, ಹಗ್ಗ ಹಿಡಿದವನು ಅವುಗಳನ್ನು ಎಳೆದು ನಿಲ್ಲಿಸುವುದಿಲ್ಲ, ಅವುಗಳ ಓಟಕ್ಕೆ ತನ್ನ ಓಟವನ್ನು ಹೊಂದಿಸಿಕೊಳ್ಳುತ್ತಾನೆ. ಕನೆ ಹಲಗೆಯ ವಿಭಾಗದಲ್ಲಿ ನೀರು ಎಷ್ಟೆತ್ತರಕ್ಕೆ ಚಿಮ್ಮಿತೆಂಬುದೇ ಲೆಕ್ಕ. ಸ್ಪೀಡ್‌ವೇಯಲ್ಲಿ ಚಿಮ್ಮುವುದು ಮಣ್ಣು, ಅದಕ್ಕೆ ಅಂಕವಿಲ್ಲ, ಅಷ್ಟೇ ವ್ಯತ್ಯಾಸ. ಎರಡೂ ಕಡೆ ಓಟಕ್ಕೆ ಮುಂಚೆ ನೆಲವನ್ನು ಹದ ಮಾಡುವವರ ಕೈಯಲ್ಲಿ ಅರ್ಧ ಓಟವಿರುತ್ತದೆ. ನೀರು ಕಡಿಮೆಯಾದರೆ ಧೂಳೆದ್ದು ಕಣ್ಣು ಕಾಣದು. ಹೆಚ್ಚಾದರೆ ಚಕ್ರ ನಿಲ್ಲದು. ಸಂಜೆ ನೀರಿನ ಲಾರಿ ಮೈದಾನವನ್ನು ಸುತ್ತುವಾಗ ನಾನು ಮಣ್ಣನ್ನು ಚಿವುಟಿ ಬೆರಳಲ್ಲಿ ತಿಕ್ಕಿ ನೋಡುತ್ತಿದ್ದೆ. ಗದ್ದೆಯ ಬದುವಿನಲ್ಲಿ ನನ್ನ ತಂದೆಯವರು ಹಾಗೆ ಮಾಡುತ್ತಿದ್ದರು.

ಇನ್ನು ಫಲಿತಾಂಶದ ಮಾತು. ನಾನು ಓಡಿಸಿದ್ದು ಹೊಸಬರಿಗಾಗಿ ಇರುವ ಮೂರನೆಯ ವಿಭಾಗದಲ್ಲಿ. ಒಂಬತ್ತು ವರ್ಷಗಳಲ್ಲಿ ಗೆದ್ದದ್ದು ಏಳು ಓಟ. ಮೂರನೆಯ ಸ್ಥಾನ ಹಲವು ಸಲ, ನಾಲ್ಕನೆಯದು ಎಣಿಸಲಾರದಷ್ಟು. ಸೊನ್ನೆ ಅಂಕದ ಸವಾರನನ್ನು ಕುರಿತು ಪ್ರೇಕ್ಷಕರು ಯೋಚಿಸುವುದಿಲ್ಲ. ಆದರೆ ನಾಲ್ವರಿಲ್ಲದೆ ಓಟವಿಲ್ಲ. ಮುಂದಿನ ಮೂವರು ಎಸೆದ ಮಣ್ಣನ್ನು ಎದೆಯ ಮೇಲೂ ಕನ್ನಡಕದ ಮೇಲೂ ತೆಗೆದುಕೊಂಡು, ನಾಲ್ಕೂ ಸುತ್ತು ಮುಗಿಸಿ, ಗಾಡಿ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಮುಂದಿನ ವಾರ ಮತ್ತೆ ಬರುವವನಿಂದಲೂ ಆಟ ಉಳಿಯುತ್ತದೆ. ಓಡಿಸುವಾಗ ನಾನು ಸುತ್ತುಗಳನ್ನು ಕನ್ನಡದಲ್ಲಿಯೇ ಎಣಿಸುತ್ತಿದ್ದೆ. ಯೋಚಿಸಿ ಮಾಡಿದ್ದಲ್ಲ. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಲೆಕ್ಕ ಮಾಡಿದವನ ಬಾಯಲ್ಲಿ ಹೆಲ್ಮೆಟ್ಟಿನೊಳಗೆ ಬರುತ್ತಿದ್ದುದು ‘ಒಂದಾಯಿತು, ಎರಡಾಯಿತು’ ಎಂಬುದೇ. ಜೀವ ಗಟ್ಟಿ ಹಿಡಿದ ಹೊತ್ತಿಗೆ ಮನುಷ್ಯ ತಾನು ಮೊದಲು ಕಲಿತ ಭಾಷೆಯನ್ನೇ ಹಿಡಿದುಕೊಳ್ಳುತ್ತಾನೆ ಎಂದು ತೋರುತ್ತದೆ.

2017ರ ಬೇಸಿಗೆಯಲ್ಲಿ ಮುಂದಿನ ಗಾಡಿಯೊಂದು ಬಿದ್ದು, ಅದನ್ನು ತಪ್ಪಿಸಲು ಹಾದಿಯಿಲ್ಲದೆ ನಾನೂ ಉರುಳಿ, ಎಡಭುಜದ ಕಾಲರ್ ಬೋನ್ ಮುರಿಯಿತು. ಇಪ್ಪತ್ತರವರಿಗೆ ಆರು ವಾರದಲ್ಲಿ ಕೂಡುವ ಮೂಳೆ ನನಗೆ ನಾಲ್ಕು ತಿಂಗಳು ತೆಗೆದುಕೊಂಡಿತು. ಆ ನಾಲ್ಕು ತಿಂಗಳು ಮನೆಯವಳು ನನ್ನ ಅಂಗಿಯ ಗುಂಡಿ ಹಾಕಿದಳು, ಗಾಡಿಯ ಮಾತೆತ್ತಲಿಲ್ಲ. ಕಟ್ಟು ಬಿಚ್ಚಿದ ದಿನ ಕೇಳಿದಳು: “ನಿಮಗೆ ಬೇಕಾದ್ದು ಗೆಲ್ಲುವುದಾ, ಓಡಿಸುವುದಾ?” ಓಡಿಸುವುದು ಎಂದೆ. “ಹಾಗಾದರೆ ಹೋಗಿ. ಯಾರಿಗಾದರೂ ತೋರಿಸಬೇಕೆಂದು ಅನ್ನಿಸಿದ ದಿನ ಬಿಟ್ಟುಬಿಡಿ” ಎಂದಳು. ಅಂದಿನಿಂದ ಅವಳೂ ಮೈದಾನಕ್ಕೆ ಬರತೊಡಗಿದಳು. ಡಬ್ಬಿಯಲ್ಲಿ ಅವಲಕ್ಕಿ ತರುತ್ತಿದ್ದಳು. ನಮ್ಮ ಸಾಲಿನ ಹುಡುಗರೆಲ್ಲ ಅದಕ್ಕೆ ಕಾದಿರುತ್ತಿದ್ದರು.

ವಯಸ್ಸಾದವರಿಗೆ ಈ ಆಟದಲ್ಲಿ ಸ್ಥಾನವೇ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದವರೇ ಆದ ಗ್ರೆಗ್ ಹ್ಯಾನ್‌ಕಾಕ್ 1997ರಲ್ಲಿ ಮೊದಲ ಬಾರಿ ವಿಶ್ವ ಚಾಂಪಿಯನ್ ಆಗಿ, 2011, 2014 ಮತ್ತು 2016ರಲ್ಲಿ ಮತ್ತೆ ಗೆದ್ದರು. ಕೊನೆಯ ಬಾರಿ ಅವರಿಗೆ 46 ವರ್ಷ. ಆದರೆ ಅವರು ಬಾಲ್ಯದಿಂದ ಮೈಗೂಡಿಸಿಕೊಂಡ ವಿದ್ಯೆ ಅದು. ನನ್ನಂಥ ಹವ್ಯಾಸಿಗೆ ಅಭ್ಯಾಸ ತಂದುಕೊಡುವುದನ್ನು ವಯಸ್ಸು ಅದೇ ವೇಗದಲ್ಲಿ ಕೊಂಡೊಯ್ಯುತ್ತಿರುತ್ತದೆ. ಹಾದಿಯನ್ನು ಓದುವ ಕಣ್ಣು ವರ್ಷ ವರ್ಷವೂ ಚುರುಕಾಯಿತು. ಟೇಪು ಎದ್ದಾಗ ಕ್ಲಚ್ ಬಿಡುವ ಬೆರಳು ವರ್ಷ ವರ್ಷವೂ ನಿಧಾನವಾಯಿತು. ಕೆಲವು ಕಾಲ ಈ ಎರಡು ತಟ್ಟೆಗಳೂ ಸಮನಾಗಿ ತೂಗಿದವು.

2022ರಲ್ಲಿ ಒಂದು ರಾತ್ರಿ, ಎರಡನೆಯ ಸುತ್ತಿನ ತಿರುವಿನಲ್ಲಿ, ಹದಿನೇಳರ ಹುಡುಗನೊಬ್ಬ ನನ್ನ ಮುಂದೆ ಬಿದ್ದ. ಹಾಗಾದಾಗ ಹಿಂದಿನವನು ತನ್ನ ಗಾಡಿಯನ್ನು ತಾನೇ ನೆಲಕ್ಕೆ ಕೆಡವಿ ನಿಲ್ಲಿಸಬೇಕು. ಕೆಡವಿದೆ. ಗಾಡಿ ಜಾರುತ್ತ ಹೋಗಿ ಹುಡುಗನ ಹೆಲ್ಮೆಟ್ಟಿನಿಂದ ಗೇಣು ದೂರದಲ್ಲಿ ನಿಂತಿತು. ಅವನು ಎದ್ದು ಮಣ್ಣು ಕೊಡವಿಕೊಂಡು ನನ್ನ ಕೈ ಕುಲುಕಿದ. ಯಾರಿಗೂ ಏನೂ ಆಗಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಬೇಲಿಯಾಚೆ ಅವನ ತಾಯಿ ನಿಂತಿದ್ದರು. ನನ್ನ ಮೂಳೆ ನನ್ನದು. ಅದನ್ನು ಪಣಕ್ಕಿಡುವ ಅಧಿಕಾರ ನನಗಿದೆ ಎಂದು ಎಷ್ಟೋ ಸಲ ವಾದಿಸಿದ್ದೆ. ಇನ್ನೊಬ್ಬರ ಮಗುವನ್ನು ಪಣಕ್ಕಿಡುವ ಅಧಿಕಾರ ನನಗಿಲ್ಲ. ಆ ಗೇಣು ಮುಂದಿನ ವರ್ಷ ಅರ್ಧ ಗೇಣಾಗುವುದೆಂದು ನನ್ನ ಬೆರಳುಗಳಿಗೆ ಗೊತ್ತಿತ್ತು. ಆ ಋತು ಮುಗಿದ ಮೇಲೆ ಗಾಡಿಯನ್ನು ಹೊಸದಾಗಿ ಕಲಿಯಲು ಬಂದಿದ್ದ ನಲವತ್ತರ ಒಬ್ಬರಿಗೆ ಕೊಟ್ಟುಬಿಟ್ಟೆ.

ಹಾಗೆಂದು ಮೈದಾನವನ್ನು ಬಿಟ್ಟಿಲ್ಲ. ಸ್ಪೀಡ್‌ವೇ ಗಾಡಿಗೆ ಕಿಕ್ಕರಿಲ್ಲ; ಯಾರಾದರೂ ಹಿಂದಿನಿಂದ ತಳ್ಳಿಯೇ ಇಂಜಿನನ್ನು ಎಬ್ಬಿಸಬೇಕು. ಒಂಬತ್ತು ವರ್ಷ ಯಾರುಯಾರೋ ನನ್ನನ್ನು ತಳ್ಳಿದರು; ಹೆಚ್ಚಿನವರ ಹೆಸರೂ ನನಗೆ ತಿಳಿಯದು. ಈಗ ಓಟದ ರಾತ್ರಿಗಳಲ್ಲಿ ತಳ್ಳುವವರ ಸಾಲಿನಲ್ಲಿ ನಾನಿದ್ದೇನೆ. ಹತ್ತು ಹೆಜ್ಜೆ ಓಡಿ, ಇಂಜಿನ್ ಎದ್ದ ಸದ್ದು ಕೇಳಿದೊಡನೆ ಕೈ ಬಿಡುತ್ತೇನೆ.

ಈ ಶಾಲೆ ಆರಂಭವಾದ 1975ರಲ್ಲಿ ಎಂಟನೆಯ ತರಗತಿಗೆ ಸೇರಿದವರಲ್ಲಿ ನಾನೂ ಒಬ್ಬ. ಭಾಷಾವಾರು ಪ್ರಾಂತ ರಚನೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡದ ತರಗತಿಗಳನ್ನು ನಡೆಸಿಕೊಂಡು ಬಂದ ಅಧ್ಯಾಪಕರನ್ನು ನೆನೆಯುವಾಗ ನನಗೆ ಆ ತಳ್ಳುವವರ ಸಾಲೇ ಕಣ್ಣಿಗೆ ಕಟ್ಟುತ್ತದೆ. ಅವರ ಹೆಸರು ಫಲಿತಾಂಶದ ಪಟ್ಟಿಯಲ್ಲಿ ಬರುವುದಿಲ್ಲ. ಇಂದಿನ ವಿದ್ಯಾರ್ಥಿಗಳು ಮೋಟಾರು ಸೈಕಲ್ ಓಡಿಸಬೇಕೆಂದು ನಾನು ಹೇಳಲಾರೆ. ಅವರ ಹೆತ್ತವರು ನನ್ನನ್ನು ಕ್ಷಮಿಸಲಾರರು. ಯಾವ ವಯಸ್ಸಿನಲ್ಲಿಯೂ ತಿಳಿಯದ ವಿದ್ಯೆಯೊಂದರ ಮುಂದೆ ಮೊದಲ ಬೆಂಚಿನಲ್ಲಿ ಕುಳಿತುಕೊಳ್ಳುವ ಧೈರ್ಯ ಅವರಿಗಿರಲಿ. ನಮ್ಮ ಶಾಲೆ ಶತಮಾನೋತ್ಸವವನ್ನೂ ಕನ್ನಡದಲ್ಲಿಯೇ ಆಚರಿಸಲಿ ಎಂದು ಹಾರೈಸುತ್ತೇನೆ.