ಇಪ್ಪತ್ತೊಂದು ಕಿಲೋಮೀಟರ್ ಮತ್ತು ಒಂದು ವಿತ್‌ಡ್ರಾವಲ್ ಫಾರಂ

ಮೊದಲೇ ಹೇಳಿಬಿಡ್ತೀನಿ, ನಾನು ಓಟಗಾರ ಅಲ್ಲ. ತಿಪಟೂರಿನಲ್ಲಿ ಬಿ.ಕಾಂ. ಓದುವಾಗ ಸ್ಪೋರ್ಟ್ಸ್ ಡೇ ಬಂತು ಅಂದ್ರೆ ನಾನು ಅಂಕ ಬರೆಯುವ ಮೇಜಿನ ಹಿಂದೆ ಕೂತಿರುತ್ತಿದ್ದೆ. 1998ರಲ್ಲಿ ಬ್ಯಾಂಕು ದೆಹಲಿಗೆ ವರ್ಗ ಮಾಡಿದ ಮೇಲೆ ಓಡಿದ್ದು ಏನಿದ್ದರೂ ಬ್ಲೂಲೈನ್ ಬಸ್ಸಿನ ಹಿಂದೆ. ಆ ಬಸ್ಸುಗಳು ಹೋಗಿ ಮಯೂರ್ ವಿಹಾರಕ್ಕೆ ಬ್ಲೂಲೈನ್ ಮೆಟ್ರೊ ಬಂತು. ಅಲ್ಲಿಗೆ ಅದೂ ನಿಂತು ಹೋಯ್ತು. ಆಮೇಲೆ ಶುಗರ್ ಬಂತು, ಹೊಟ್ಟೆ ಬಂತು, ಪ್ರಮೋಷನ್ನೂ ಬಂತು.

ಇಂಥ ನಾನು 54ನೇ ವಯಸ್ಸಿನಲ್ಲಿ ದೆಹಲಿ ಹಾಫ್ ಮ್ಯಾರಥಾನ್ ಓಡ್ತೀನಿ ಅಂದಾಗ ಮನೆಯಲ್ಲಿ ಮೊದಲು ನಕ್ಕರು, ಆಮೇಲೆ ಇಸಿಜಿ ಮಾಡಿಸಿದರು. ಹಾಫ್ ಅಂದ್ರೆ 21.097 ಕಿಲೋಮೀಟರ್. 2005ರಿಂದ ನಡೆಯುತ್ತಿರುವ ಓಟ ಇದು. ಜಗತ್ತಿನ ದೊಡ್ಡ ದೊಡ್ಡ ಓಟಗಾರರು ಬರ್ತಾರೆ, ಅವರ ಹಿಂದೆ ನನ್ನಂಥ ಸಾವಿರಾರು ಜನ. ಓಡುವವರು ಯಾವುದಾದರೂ ಸೇವಾಸಂಸ್ಥೆಗೆ ತಮ್ಮ ಪರಿಚಯದವರಿಂದ ಹಣ ಸೇರಿಸಿ ಕೊಡಬಹುದು. ನಾನು ಸೇರಿಸಿದ್ದು, ಆಸ್ಪತ್ರೆ ಸೇರಿದ ಮಕ್ಕಳ ಅಪ್ಪ ಅಮ್ಮಂದಿರಿಗೆ ಉಳಿಯಲು ಜಾಗ ಕೊಡುವ ಒಂದು ಸಣ್ಣ ಮನೆಗೆ. ಅದರ ಹೆಸರು ಬರೆಯೋದಿಲ್ಲ, ಇದು ಜಾಹೀರಾತು ಆಗೋದು ಬೇಡ.

ಯಾಕೆ ಇದೇ ಕೆಲಸ ಅಂತ ಎಲ್ಲರೂ ಕೇಳಿದರು. ಎಲ್ಲರಿಗೂ ಒಂದು ಚಂದದ ಉತ್ತರ ಕೊಟ್ಟೆ. ನಿಜವಾದ ಉತ್ತರ ಇಲ್ಲಿ ಬರೀತಿದ್ದೀನಿ.

2019ರ ಮಾರ್ಚ್ ಕೊನೆಯ ವಾರ. ನಾನಾಗ ದಕ್ಷಿಣ ದೆಹಲಿಯಲ್ಲಿ, ಒಂದು ದೊಡ್ಡ ಆಸ್ಪತ್ರೆಗೆ ಹತ್ತಿರದ ಶಾಖೆಯಲ್ಲಿದ್ದೆ. ಮಾರ್ಚ್ ಕ್ಲೋಸಿಂಗ್ ಅಂದ್ರೆ ಬ್ಯಾಂಕಿನವರ ಪಾಡು ಏನು ಅಂತ ಬ್ಯಾಂಕಿನವರಿಗೇ ಗೊತ್ತು. ಎನ್‌ಪಿಎ ಪಟ್ಟಿ ಒಂದು ಕಡೆ, ರೀಜನಲ್ ಆಫೀಸಿನ ಫೋನು ಇನ್ನೊಂದು ಕಡೆ. ಅಂಥ ಹೊತ್ತಲ್ಲಿ ಒಬ್ಬ ಮನುಷ್ಯ ನನ್ನ ಮೇಜಿನ ಮುಂದೆ ಬಂದು ನಿಂತ. ಬಿಹಾರದ ಪೂರ್ಣಿಯಾ ಕಡೆಯವನು. ಅವನ ಖಾತೆ ನಮ್ಮ ಬ್ಯಾಂಕಿನದೇ, ಊರಿನ ಶಾಖೆಯಲ್ಲಿತ್ತು. 11,000 ರೂಪಾಯಿಗೆ ವಿತ್‌ಡ್ರಾವಲ್ ಫಾರಂ ತುಂಬಿಸಿಕೊಂಡು ಬಂದಿದ್ದ. ಕೌಂಟರಿನಲ್ಲಿ ದುಡ್ಡು ಕೊಡಲಿಲ್ಲ, ಯಾಕಂದ್ರೆ ಕೆವೈಸಿ ಬಾಕಿ ಅಂತ ಖಾತೆಗೆ ಡೆಬಿಟ್ ಫ್ರೀಜ್ ಬಿದ್ದಿತ್ತು.

"ಹೋಮ್ ಬ್ರಾಂಚಿಗೆ ಹೋಗಿ" ಅಂದೆ, ತಲೆ ಎತ್ತದೆ.

"ಸಾಹೇಬ್, ಬಚ್ಚಾ ಭರ್ತಿ ಥಾ" ಅಂದ. ಮಗು ಆಸ್ಪತ್ರೆಯಲ್ಲಿತ್ತು. ಆರು ವರ್ಷದ ಹುಡುಗ, ಬ್ಲಡ್ ಕ್ಯಾನ್ಸರ್. ಒಂದು ಸುತ್ತು ಔಷಧ ಮುಗಿದಿದೆ, ಹತ್ತು ದಿನ ಬಿಟ್ಟು ಮತ್ತೆ ಸೇರಿಸಿಕೊಳ್ತಾರೆ. ಅಲ್ಲಿವರೆಗೆ ಮಗೂನ ಬೀದಿಯಲ್ಲಿ ಮಲಗಿಸಬೇಡಿ, ಸೋಂಕು ತಗಲುತ್ತೆ ಅಂತ ಡಾಕ್ಟರು ಹೇಳಿದ್ದಾರೆ. ಹತ್ತಿರದಲ್ಲಿ ಒಂದು ಕೋಣೆ ಇದೆ, ದಿನಕ್ಕೆ 350 ರೂಪಾಯಿ. ಅದಕ್ಕೆ ದುಡ್ಡು ಬೇಕು.

ಸರ್ಕಾರಿ ಆಸ್ಪತ್ರೆ, ಚಿಕಿತ್ಸೆಗೆ ಖರ್ಚೇ ಇಲ್ಲ, ಇವನಿಗೆ ಇಷ್ಟು ದುಡ್ಡು ಯಾಕೆ ಅಂತ ನನ್ನ ಮನಸ್ಸಿಗೆ ಬಂದಿದ್ದು ನಿಜ. ಪೂರ್ಣಿಯಾದ ಶಾಖೆಗೆ ಒಂದು ಫೋನ್ ಮಾಡಿ, ಆಧಾರ್ ಪ್ರತಿ ಸ್ಕ್ಯಾನ್ ಮಾಡಿ ಕಳಿಸಿದ್ದರೆ ಅರ್ಧ ಗಂಟೆಯ ಕೆಲಸ. ಅದನ್ನು ನಾನು ಮಾಡಲಿಲ್ಲ. "ರೂಲ್ಸ್ ಹಾಗಿದೆ" ಅಂದೆ. ಅವನು ವಾದ ಮಾಡಲಿಲ್ಲ. ಫಾರಂ ನನ್ನ ಮೇಜಿನ ಮೇಲೇ ಬಿಟ್ಟು ಹೋದ.

ಮಾರನೇ ದಿನ ಸಂಜೆ ಮೆಟ್ರೊಗೆ ನಡೆದು ಹೋಗ್ತಿದ್ದೆ. ಫುಟ್‌ಪಾತಿನ ಕಂಬಿಗೆ ಹಗ್ಗ ಕಟ್ಟಿ ಒಂದು ಸೊಳ್ಳೆಪರದೆ ಇಳಿಬಿಟ್ಟಿದ್ದರು. ಒಳಗೆ ಮುಖಕ್ಕೆ ಮಾಸ್ಕ್ ಹಾಕಿದ ಒಂದು ಮಗು, ಕೂದಲಿಲ್ಲದ ತಲೆ. ಪಕ್ಕದಲ್ಲಿ ಹೆಂಗಸೊಬ್ಬಳು ಇಟ್ಟಿಗೆ ಇಟ್ಟು ಏನೋ ಬೇಯಿಸ್ತಿದ್ದಳು. ಆ ಮನುಷ್ಯ ನನ್ನನ್ನು ಗುರುತು ಹಿಡಿದ. ಬೈಯ್ಯಬಹುದಿತ್ತು. ಎದ್ದು ನಿಂತು ಕೈ ಮುಗಿದ!

ನಾನು ರಸ್ತೆಯ ಆಚೆ ಬದಿಗೆ ದಾಟಿಬಿಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಶಾಖೆಗೆ ಹೋಗಿ ಮೊದಲು ಮಾಡಿದ ಕೆಲಸ ಪೂರ್ಣಿಯಾಗೆ ಫೋನ್. ಅಲ್ಲಿನ ಆಫೀಸರ್ ಒಳ್ಳೆಯವರು, ಹಳೆಯ ದಾಖಲೆ ಹುಡುಕಿ 11 ಗಂಟೆಯೊಳಗೆ ಫ್ರೀಜ್ ತೆಗೆದರು. ನೋಡಿ, ಅಷ್ಟೇ ಕೆಲಸ. ಮಧ್ಯಾಹ್ನ ಊಟ ಬಿಟ್ಟು ಫುಟ್‌ಪಾತಿಗೆ ಓಡಿದೆ (ಅದೂ ಒಂದು ಓಟ ಅನ್ನಿ). ಸೊಳ್ಳೆಪರದೆ ಇರಲಿಲ್ಲ. ಅಕ್ಕಪಕ್ಕದವರನ್ನು ಕೇಳಿದೆ, "ಗಾಂವ್ ಚಲೇ ಗಯೇ" ಅಂದರು. ನಾಲ್ಕು ದಿನದ ಮೇಲೆ ಸಿಸ್ಟಮ್ಮಿನಲ್ಲಿ ನೋಡಿದರೆ ಊರಿನ ಶಾಖೆಯಲ್ಲಿ 11,000 ಡ್ರಾ ಆಗಿತ್ತು. ಸೀಮಾಂಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ದಿನಕ್ಕೂ ಮೀರಿದ ದಾರಿ ಅದು. ನಾನು ಹೇಳಿದ ಹಾಗೆ ಹೋಮ್ ಬ್ರಾಂಚಿಗೇ ಹೋಗಿದ್ದ. ಮಗುವನ್ನು ಕರಕೊಂಡು ಹೋದನೋ, ಮತ್ತೆ ವಾಪಸ್ ಕರಕೊಂಡು ಬಂದನೋ... ಲೆಡ್ಜರಿನಲ್ಲಿ ಅದಕ್ಕೆಲ್ಲ ಕಾಲಂ ಇರೋದಿಲ್ಲ.

ಆಮೇಲೆ ಈ ವಿಷಯ ಓದಿಕೊಂಡೆ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಅತಿ ಸಾಮಾನ್ಯವಾದದ್ದು ಎಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್. ಮುಂದುವರಿದ ದೇಶಗಳಲ್ಲಿ 10ಕ್ಕೆ ಸುಮಾರು 9 ಮಕ್ಕಳು ಗುಣವಾಗುತ್ತಾರೆ. ಆದರೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳುಗಳಲ್ಲಂತೂ ಆಸ್ಪತ್ರೆಯ ಹತ್ತಿರವೇ ಇರಬೇಕು. ಔಷಧದಿಂದ ಬಿಳಿ ರಕ್ತಕಣ ಇಳಿದುಹೋಗುತ್ತೆ. ಆಗ ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ನಾಳೆ ನೋಡೋಣ ಅನ್ನೋ ಹಾಗಿಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೆ ಕಾರಣ ಔಷಧ ಇಲ್ಲದ್ದು ಮಾತ್ರ ಅಲ್ಲ. ಇರಲು ಜಾಗ, ಒಲೆ, ಅಪ್ಪನ ಕೂಲಿ, ಊರಲ್ಲಿ ಬಿಟ್ಟು ಬಂದ ಇನ್ನೊಂದು ಮಗು, ಇವೂ ಕಾರಣ. ಏಮ್ಸ್‌ನಂಥ ಆಸ್ಪತ್ರೆಗೆ ಅರ್ಧ ಭಾರತವೇ ಬರುತ್ತೆ. ಬಂದವರಿಗೆಲ್ಲ ಆಸ್ಪತ್ರೆಯೇ ಮನೆ ಕೊಡು ಅಂದ್ರೆ ಹೇಗಾಗುತ್ತೆ?

ಅದಕ್ಕೇ ಬೇರೆಯವರು ಕೈ ಹಾಕಿದ್ದಾರೆ. ಕ್ಯಾನ್ಸರ್ ಮಕ್ಕಳ ಕುಟುಂಬಗಳಿಗೆ ಬಾಡಿಗೆ ಇಲ್ಲದೆ ವಾಸಕ್ಕೆ ಜಾಗ ಕೊಡುವ ಸೇಂಟ್ ಜೂಡ್ ಸಂಸ್ಥೆ 2006ರಲ್ಲಿ ಮುಂಬೈಯಲ್ಲಿ ಶುರುವಾಯಿತು. ದೆಹಲಿಯ ಕ್ಯಾನ್‌ಕಿಡ್ಸ್ ಅದಕ್ಕೂ ಮೊದಲು, 2004ರಿಂದ, ಇಂಥ ಮಕ್ಕಳಿಗಾಗಿ ಕೆಲಸ ಮಾಡುತ್ತಿದೆ. ನಮ್ಮ ಎನ್‌ಸಿಆರ್‌ನಲ್ಲೇ, ಹರಿಯಾಣದ ಝಜ್ಜರ್‌ನಲ್ಲಿರುವ ಏಮ್ಸ್‌ನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ 806 ಹಾಸಿಗೆಗಳ ವಿಶ್ರಾಮ ಸದನ ಕಟ್ಟಿಸಿಕೊಟ್ಟಿತು. 2021ರ ಅಕ್ಟೋಬರಿನಲ್ಲಿ ಪ್ರಧಾನಿ ಉದ್ಘಾಟಿಸಿದರು. ಆಗ ಪ್ರತಿಷ್ಠಾನದ ಮುಖ್ಯಸ್ಥೆ ನಮ್ಮ ಶಿಗ್ಗಾವಿಯ ಸುಧಾ ಮೂರ್ತಿಯವರು. ಕನ್ನಡದವರು ಅಂತ ನಾವು ದೆಹಲಿಯವರು ಸ್ವಲ್ಪ ಹೆಚ್ಚೇ ಬೀಗಿದೆವು ಅನ್ನಿ.

ಸರಿ, ಓಟಕ್ಕೆ ಬರೋಣ. 2024ರ ಮೇ ತಿಂಗಳಿಂದ ಸಂಜಯ್ ಲೇಕ್ ಪಾರ್ಕಿನಲ್ಲಿ ಬೆಳಿಗ್ಗೆ ಐದಕ್ಕೆ ಅಭ್ಯಾಸ. ದೆಹಲಿಯ ಮೇ ತಿಂಗಳಲ್ಲಿ ಐದು ಗಂಟೆಗೇ ಬೆವರು ಸುರಿಯುತ್ತೆ. ಮೊದಲ ದಿನ ನಾನೂರು ಮೀಟರ್ ಓಡಿ ಬೆಂಚಿನ ಮೇಲೆ ಕೂತೆ. ಸೆಪ್ಟೆಂಬರ್ ಹೊತ್ತಿಗೆ ಹನ್ನೆರಡು ಕಿಲೋಮೀಟರ್ ಬಂತು. ಓಡೋದು ಹೇಗೋ ಬಂತು. ಕಷ್ಟವಾಗಿದ್ದು ಕೇಳೋದು!

ನೀವೇ ಯೋಚಿಸಿ. ಮೂವತ್ತು ವರ್ಷದಿಂದ ಜನ ನನ್ನ ಮೇಜಿನ ಮುಂದೆ ನಿಂತು ಕೇಳಿದ್ದಾರೆ. ಸಾಲ ಕೊಡಿ, ಬಡ್ಡಿ ಬಿಡಿ, ಸ್ವಲ್ಪ ಟೈಮ್ ಕೊಡಿ. ಕುರ್ಚಿಯಲ್ಲಿ ಕೂತು ಇಲ್ಲ ಅನ್ನೋದು ನನಗೆ ಅಭ್ಯಾಸ. ನಿಂತು ಕೇಳೋದು ಗೊತ್ತೇ ಇರಲಿಲ್ಲ. ವಾಟ್ಸಾಪ್ ಸಂದೇಶ ಬರೆದು ಅಳಿಸಿ, ಬರೆದು ಅಳಿಸಿ, ನಾಲ್ಕು ದಿನ ಕಳೆದೆ. ಕೊನೆಗೆ ನನ್ನವಳು ಫೋನ್ ಕಿತ್ತುಕೊಂಡು "ರೀ, ಮಗಳ ಮದುವೆಗೆ ಕರೆದ ಹಾಗೆ ಕಳಿಸಿ" ಅಂತ ಒತ್ತೇಬಿಟ್ಟಳು.

ಉತ್ತರಗಳು ತರಹೇವಾರಿ. "ಅರ್ಧ ಮ್ಯಾರಥಾನ್ ಅಲ್ವಾ, ಅರ್ಧ ದುಡ್ಡು ಸಾಕಾ?" ಅಂತ ಒಬ್ಬ ಗೆಳೆಯ. "80ಜಿ ರಸೀದಿ ಸಿಗುತ್ತಾ?" ಅಂತ ಸಹೋದ್ಯೋಗಿಗಳು. ಸಿಗುತ್ತೆ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ ಮಾತ್ರ ಉಪಯೋಗ, 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಟ್ಟರೆ ಅದೂ ಇಲ್ಲ ಅಂತ ವಿವರಿಸಿದೆ. ಇಬ್ಬರು ಅಲ್ಲಿಗೇ ಜಾರಿಕೊಂಡರು. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ಒಂದು ಕಾರ್ಯಕ್ರಮದ ದಿನ ಹಿರಿಯರೊಬ್ಬರು ಹಿಡಿದು ನಿಲ್ಲಿಸಿದರು.

"ನೀನು ಓಡೋದಕ್ಕೂ ಆ ಮಕ್ಕಳಿಗೂ ಏನಯ್ಯಾ ಸಂಬಂಧ? ಕೊಡೋರು ಸುಮ್ಮನೆ ಕೊಡಬಾರದಾ?"

"ಸಂಬಂಧ ಏನೂ ಇಲ್ಲ ಸರ್. ಸುಮ್ಮನೆ ಕೇಳೋಕೆ ನನಗೆ ನಾಚಿಕೆ, ಅದಕ್ಕೇ ಓಡ್ತೀನಿ" ಅಂದೆ. ನಕ್ಕು ಐದು ಸಾವಿರ ಕೊಟ್ಟರು.

ಎಲ್ಲಕ್ಕಿಂತ ನೋವಾಗಿದ್ದು ಒಬ್ಬ ಹಳೆಯ ಗೆಳೆಯನಿಂದ. ಸಂದೇಶ ಓದಿದ, ನೀಲಿ ಟಿಕ್ ಬಂತು, ಉತ್ತರ ಇಲ್ಲ. ಮತ್ತೆ ಕಳಿಸಿದೆ. ಮತ್ತೆ ನೀಲಿ ಟಿಕ್. ಇಲ್ಲ ಅಂತಾದರೂ ಹೇಳಬಾರದಾ ಅಂತ ಎರಡು ದಿನ ಕುದಿದೆ. ಮೂರನೇ ದಿನ ಪಾರ್ಕಿನಲ್ಲಿ ಓಡುವಾಗ ಆ ಫುಟ್‌ಪಾತು ನೆನಪಾಯಿತು. ಕೈ ಮುಗಿದು ನಿಂತವನನ್ನು ನೋಡಿಯೂ ರಸ್ತೆ ದಾಟಿದವನು ನಾನು. ಅದೂ ನೀಲಿ ಟಿಕ್ಕೇ ತಾನೇ? ಗೆಳೆಯನ ಮೇಲಿನ ಸಿಟ್ಟು ಇಳಿದುಹೋಯ್ತು.

ಧೈರ್ಯಕ್ಕೆ ಫೌಜಾ ಸಿಂಗ್ ಅವರ ಕಥೆ ಓದುತ್ತಿದ್ದೆ. ಪಂಜಾಬಿನ ಜಲಂಧರ್ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವರು. ಕಣ್ಣೆದುರೇ ಮಗನನ್ನು ಕಳೆದುಕೊಂಡು, ಇಂಗ್ಲೆಂಡಿನಲ್ಲಿ ದುಃಖ ಮರೆಯಲು ಓಡಲು ಶುರು ಮಾಡಿದರು. 2000ದಲ್ಲಿ, 89ನೇ ವಯಸ್ಸಿನಲ್ಲಿ, ಲಂಡನ್ ಮ್ಯಾರಥಾನ್ ಓಡಿದರು. ಅದೂ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗಾಗಿ ಕೆಲಸ ಮಾಡುವ ಬ್ಲಿಸ್ ಸಂಸ್ಥೆಗೆ ಹಣ ಸೇರಿಸಲು. 2011ರಲ್ಲಿ ನೂರನೇ ವಯಸ್ಸಿನಲ್ಲಿ ಟೊರೊಂಟೊದಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸಿದರು. 2025ರ ಜುಲೈನಲ್ಲಿ, 114ರಲ್ಲಿ, ತಮ್ಮ ಹಳ್ಳಿಯ ಹತ್ತಿರ ರಸ್ತೆಯಲ್ಲಿ ವಾಹನ ಬಡಿದು ತೀರಿಕೊಂಡರು. ಆ ಸುದ್ದಿ ಕೇಳಿದ ದಿನ ಮನೆಯವರೇ ಯಾರೋ ಹೋದ ಹಾಗಾಯ್ತು.

2024ರ ಅಕ್ಟೋಬರ್ 20, ಭಾನುವಾರ. ಮೊದಲೆಲ್ಲ ಈ ಓಟ ನವೆಂಬರಿನಲ್ಲಿ ಇರುತ್ತಿತ್ತು. 2017ರಲ್ಲಿ ಗಾಳಿ ಎಷ್ಟು ಕೆಟ್ಟಿತ್ತೆಂದರೆ ಓಟ ಮುಂದೂಡಿ ಅಂತ ಭಾರತೀಯ ವೈದ್ಯಕೀಯ ಸಂಘವೇ ಕೇಳಿತ್ತು. 2018ರಿಂದ ಅಕ್ಟೋಬರಿಗೆ ತಂದರು. ಆದರೂ ಗಂಟಲಲ್ಲಿ ಆ ಪರಿಚಿತ ಕೆರೆತ ಇದ್ದೇ ಇತ್ತು. ಜವಾಹರಲಾಲ್ ನೆಹರೂ ಕ್ರೀಡಾಂಗಣದ ಹತ್ತಿರ ಕತ್ತಲಲ್ಲೇ ಜನಸಾಗರ. ನನ್ನವಳು ಬಾಳೆಹಣ್ಣು, ಡಬ್ಬಿಯಲ್ಲಿ ಅವಲಕ್ಕಿ ತಂದಿದ್ದಳು. ಆವತ್ತು ಗೆದ್ದವನು ಉಗಾಂಡಾದ ಜೋಶುವಾ ಚೆಪ್ಟೆಗೈ, ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸಿನ 10,000 ಮೀಟರಿನಲ್ಲಿ ಚಿನ್ನ ತೆಗೆದವನು. ಒಂದು ಗಂಟೆ ತುಂಬುವ ಮೊದಲೇ ಅವನ ಓಟ ಮುಗಿದಿತ್ತು. ನನಗೆ 16ನೇ ಕಿಲೋಮೀಟರಿನಲ್ಲಿ ಮೀನಖಂಡ ಹಿಡಿದುಕೊಂಡಿತು. ರಸ್ತೆ ಬದಿ ಕೂತು ತಿಕ್ಕಿಕೊಂಡೆ, ಕುಂಟಿದೆ, ನಡೆದೆ, ಮತ್ತೆ ಸ್ವಲ್ಪ ಓಡಿದೆ. 3 ಗಂಟೆ 11 ನಿಮಿಷ. ಓಟದ ಬಗ್ಗೆ ಹೇಳೋಕೆ ಇರೋದು ಇಷ್ಟೇ.

ಸೇರಿದ ಹಣ 1,38,600 ರೂಪಾಯಿ. ಕೈ ಸುಮ್ಮನಿರುತ್ತಾ, 350ರಿಂದ ಭಾಗಿಸಿದೆ. 396 ರಾತ್ರಿ. ಅಂದ್ರೆ ಒಂದು ಕುಟುಂಬಕ್ಕೆ ಹದಿಮೂರು ತಿಂಗಳು. ದೆಹಲಿಗೆ ಬರುವ ಮಕ್ಕಳ ಲೆಕ್ಕಕ್ಕೆ ಇದು ಏನೂ ಅಲ್ಲ. ಚೆಕ್ ಕೊಡಲು ಹೋದಾಗ ಆ ಮನೆಯ ಅಡುಗೆಕೋಣೆ ತೋರಿಸಿದರು. ಒಂದೊಂದು ಕುಟುಂಬಕ್ಕೆ ಒಂದೊಂದು ಒಲೆ, ಒಂದೊಂದು ಕಪಾಟು, ಬೀಗದ ಕೈ ಅವರದೇ. ಒಬ್ಬಾಕೆ ರೊಟ್ಟಿ ತಟ್ಟುತ್ತಿದ್ದಳು, ಮಗುವಿಗೆ ನೀರು ಕುದಿಸಿ ಆರಲಿಟ್ಟಿದ್ದಳು. ಅವಳು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಅಡುಗೆ, ಅವಳ ಮನೆ. ಅದೇ ನನಗೆ ಇಷ್ಟವಾಯಿತು. ಅಲ್ಲಿ ಯಾರೂ ಯಾರಿಗೂ ಕೈ ಮುಗಿಯಬೇಕಾಗಿರಲಿಲ್ಲ.

ಪೂರ್ಣಿಯಾದ ಆ ಹುಡುಗ ಬದುಕಿದ್ದರೆ ಈಗ ದೊಡ್ಡವನಾಗಿರ್ತಾನೆ. ಈ ಹಣದಿಂದ ಅವನ ಲೆಕ್ಕ ಚುಕ್ತಾ ಆಗೋದಿಲ್ಲ, ಅದು ಬೇರೆ ಖಾತೆ.

2025ರಲ್ಲಿ ಮಂಡಿ ನೋವು. ಓಡಬೇಡಿ ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಸಂಘದ ಹಿರಿಯರ ಪ್ರಶ್ನೆ ನೆನಪಾಯಿತು. ಈ ಸಲ ಓಡೋದಿಲ್ಲ, ಆದರೂ ಕೇಳ್ತಿದ್ದೀನಿ ಅಂತ ಎಲ್ಲರಿಗೂ ಬರೆದೆ. ನಾಚಿಕೆಯೇನೋ ಆಯಿತು. 70,000 ಬಂತು, ಸರಿಯಾಗಿ 200 ರಾತ್ರಿ. ನೀಲಿ ಟಿಕ್ಕಿನ ಗೆಳೆಯ ಈ ಸಲ ಫೋನ್ ಮಾಡಿದ. "ಕೈ ಬಿಗಿ ಇದೆ ಕಣೋ, ಆಗಲ್ಲ" ಅಂದ. ಅದನ್ನು ಹೇಳೋಕೆ ಅವನಿಗೆ ಒಂದು ವರ್ಷ ಬೇಕಾಯ್ತಂತೆ. ಅರ್ಧ ಗಂಟೆ ಊರಿನ ವಿಷಯ ಮಾತಾಡಿದೆವು.

ಮುಂದಿನ ಸಲ ನಿಮಗೂ ನನ್ನ ಸಂದೇಶ ಬರಬಹುದು. ಕೊಟ್ಟರೆ ಸಂತೋಷ, ಆಗದಿದ್ದರೆ ಆಗಲ್ಲ ಅನ್ನಿ, ಬೇಜಾರಿಲ್ಲ. ಉತ್ತರ ಮಾತ್ರ ಕೊಡಿ.