ಚಳಿ, ಡ್ಯೂಕೋ ಮತ್ತು ಒಂದು ಗಿಟಾರು

ಸ್ಪ್ರೇ ಪೇಂಟ್ ಡಬ್ಬಿಯ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತೆ: 10 ಡಿಗ್ರಿಗಿಂತ ಕಡಿಮೆ ಇದ್ದಾಗ ಬಳಸಬೇಡಿ ಅಂತ. ಮಿಶಿಗನ್‌ನಲ್ಲಿ ನವೆಂಬರ್ ಬಂತು ಅಂದ್ರೆ ಆ ಸಾಲನ್ನು ನಂಬಿದವನು ಏಪ್ರಿಲ್ ತನಕ ಕೈ ಕಟ್ಟಿ ಕೂರಬೇಕು. ನನಗೆ ಅಷ್ಟು ಪುರುಸೊತ್ತಿಲ್ಲ. ಫೆಬ್ರವರಿಯಲ್ಲಿ ಊರಿಗೆ ಹೊರಟಿದ್ದೀನಿ, ಪಿಯುಸಿ ಓದ್ತಿರೋ ಮಾವನ ಮಗನಿಗೆ ಗಿಟಾರು ತರ್ತೀನಿ ಅಂತ ಮಾತು ಕೊಟ್ಟಾಗಿದೆ. ಆಲ್ಡರ್ ಮರದ ಬರೀ ಬಾಡಿ ತರಿಸಿದ್ದೂ ಆಗಿದೆ. ರೆಡಿಮೇಡ್ ತಗೊಳ್ಳೋದು ಬಿಟ್ಟು ಯಾಕಪ್ಪಾ ಈ ಉಸಾಬರಿ ಅಂತ ಕೇಳ್ಬೇಡಿ, ಇಡೀ ದಿನ ಕೋಡ್ ನೋಡೋನಿಗೆ ಕೈಯಲ್ಲಿ ಮುಟ್ಟೋಕೆ ಏನಾದ್ರೂ ಬೇಕು ಅಷ್ಟೇ.

ಚಳಿಗೂ ಬಣ್ಣಕ್ಕೂ ಏನು ಜಗಳ? ಡಬ್ಬಿಯೊಳಗಿಂದ ಬಣ್ಣವನ್ನು ಹೊರಗೆ ತಳ್ಳೋದು ಸಾಮಾನ್ಯವಾಗಿ ಪ್ರೊಪೇನ್, ಬ್ಯೂಟೇನ್ ಥರದ ಗ್ಯಾಸು, ನಮ್ಮ ಅಡುಗೆ ಸಿಲಿಂಡರಿನ ಖಾಸಾ ನೆಂಟ. ಚಳಿಗೆ ಅದರ ಒತ್ತಡ ಇಳಿಯುತ್ತೆ. ಬಣ್ಣವೂ ಮಂದವಾಗುತ್ತೆ. ಮಂಜಿನ ಹಾಗೆ ಬರಬೇಕಾದ್ದು ಉಗುಳಿದ ಹಾಗೆ ಬರುತ್ತೆ. ಬಿದ್ದದ್ದಾದರೂ ಬೇಗ ಆರುತ್ತಾ, ಅದೂ ಇಲ್ಲ, ನಿಧಾನಕ್ಕೆ ಅಂಚಿನ ಕಡೆ ಇಳಿದು ಕಣ್ಣೀರು ಸುರಿಸ್ತಾ ನಿಲ್ಲುತ್ತೆ.

ಇದಕ್ಕಿಂತ ಮಜಾ ಇರೋದು ತೇವದ ವಿಷಯದಲ್ಲಿ. ಇಂಜೆಕ್ಷನ್ ಕೊಡೋ ಮುಂಚೆ ಸ್ಪಿರಿಟ್ ಒರೆಸಿದಾಗ ಚರ್ಮ ತಣ್ಣಗಾಗುತ್ತಲ್ಲ, ಥಿನ್ನರ್ ಆರುವಾಗಲೂ ಹಾಗೇ ಮರದ ಮೈಯ ಶಾಖ ಎಳ್ಕೊಳ್ಳುತ್ತೆ. ಹೊರಗೆ ಚಳಿ, ಮೇಲಿಂದ ಜಿಟಿಜಿಟಿ ಮಳೆ. ಮೈ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕೆಳಗೆ ಇಳಿದುಬಿಡುತ್ತೆ, ಗಾಳಿಯ ನೀರು ಬಂದು ಬಣ್ಣದಲ್ಲೇ ಕೂರುತ್ತೆ. ಒಣಗಿದ ಮೇಲೆ ನೋಡಿದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಇಲ್ಲಿಯವರು ಇದನ್ನು ಬ್ಲಶಿಂಗ್ ಅಂತಾರೆ. ನಾಚಿಕೆಗೆ ಬೆಳ್ಳಗಾಗೋದನ್ನ ನಾನಂತೂ ಇಲ್ಲೇ ಮೊದಲು ನೋಡಿದ್ದು!

ಏನಾಗುತ್ತೆ ನೋಡೋಣ ಅಂತ ಒಂದು ಮಳೆಯ ದಿನ, 7 ಡಿಗ್ರಿಯಲ್ಲಿ, ಒಂದು ಚೂರು ಹಲಗೆಗೆ ಬೇಕಂತಲೇ ಹೊಡೆದೆ. ನಿರೀಕ್ಷಿಸಿದಂತೆ ಬೆಳ್ಳಗಾಯ್ತು. ಅದರ ಫೋಟೋನ ಮಾವನಿಗೆ ವಾಟ್ಸಾಪ್ ಮಾಡಿದೆ. ಮಾವ ಹಾಸನದಲ್ಲಿ ಮೂವತ್ತು ವರ್ಷ ಕಾರು, ಜೀಪುಗಳಿಗೆ ಪೇಂಟಿಂಗ್ ಮಾಡಿದವನು. ಐದೇ ನಿಮಿಷಕ್ಕೆ ಫೋನು ಬಂತು.

"ಲೇ, ಅದು ಮಳೆಗಾಲದ ಬಿಳಿ ಕಣೋ. ಜುಲೈ ತಿಂಗಳಲ್ಲಿ ಸಕಲೇಶಪುರದಿಂದ ಬರೋ ಜೀಪುಗಳಲ್ಲಿ ನಾನು ಅದೆಷ್ಟು ನೋಡಿಲ್ಲ! ಡ್ಯೂಕೋ ಅಲ್ವಾ? ಮೇಲೊಂದು ಕೈ ರಿಟಾರ್ಡರ್ ತೆಳ್ಳಗೆ ಹೊಡಿ. ಬಣ್ಣ ಮತ್ತೆ ಮೆತ್ತಗಾಗ್ತದೆ, ಒಳಗಿರೋ ನೀರು ಹೊರಗೆ ಹೋಗ್ತದೆ."

ಹೊಡೆದೆ. ಹೋಯ್ತು.

ಡ್ಯೂಕೋ ಅನ್ನೋ ಈ ಪದ ನಮ್ಮ ಪೇಂಟರುಗಳ, ಬಡಗಿಗಳ ಬಾಯಲ್ಲಿ ಕನ್ನಡವೇ ಆಗಿಹೋಗಿದೆ. ಹುಟ್ಟಿದ್ದು ಮಾತ್ರ ಈ ದೇಶದಲ್ಲಿ. 1923ರಲ್ಲಿ ಡ್ಯುಪಾಂಟ್ ಕಂಪನಿ ತಂದ ನೈಟ್ರೋಸೆಲ್ಯುಲೋಸ್ ಬಣ್ಣದ ಹೆಸರು ಅದು. ಅದಕ್ಕಿಂತ ಮುಂಚೆ ಒಂದು ಕಾರಿನ ಬಣ್ಣ ಒಣಗೋಕೆ ವಾರಗಟ್ಟಲೆ ಬೇಕಿತ್ತಂತೆ. ಆಮೇಲೆ ಫೆಂಡರ್‌ನವರು ಗಿಟಾರಿಗೆ ಬೇರೆ ಬೇರೆ ಬಣ್ಣ ಬೇಕು ಅಂದಾಗ ಇದೇ ಕಾರಿನ ಬಣ್ಣಗಳಿಗೆ ಕೈ ಹಾಕಿದರು. ಅವರ ಹೆಸರಾಂತ ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನದ್ದು. ಪೂರ್ತಿ ಕೆಂಪಲ್ಲ, ಸ್ವಲ್ಪ ಹವಳದ ಕಡೆಗೆ ವಾಲಿದ ಬಣ್ಣ. ನಾನು ಆರಿಸಿದ್ದೂ ಅದೇ. ಅಂದ್ರೆ ಮಾವ ಜೀಪಿಗೆ ಹೊಡೆದದ್ದೂ ಹಳೇ ಸ್ಟ್ರಾಟೋಕಾಸ್ಟರ್‌ಗಳ ಮೈಮೇಲೆ ಇರೋದೂ ಒಂದೇ ವಂಶ. ಇದನ್ನ ಹೇಳಿದ್ರೆ ಮಾವನಿಗೆ ಏನೂ ಅನ್ನಿಸಲಿಲ್ಲ, "ಬಣ್ಣ ಬಣ್ಣವೇ ಬಿಡೋ" ಅಂದ.

ಕೊನೆಗೆ ಕೆಲಸ ನಡೆದದ್ದು ಒಂದು ಭಾನುವಾರ ಮಧ್ಯಾಹ್ನ, ಒಣ ಬಿಸಿಲು, ಹೊರಗೆ 12 ಡಿಗ್ರಿ. ಬಾಡಿ ಹಿಂದಿನ ರಾತ್ರಿಯಿಂದ ಮನೆಯೊಳಗೆ ಬೆಚ್ಚಗಿತ್ತು. ಡಬ್ಬಿಗಳನ್ನು ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಹತ್ತು ನಿಮಿಷ ಇಟ್ಟೆ (ಒಲೆ ಹತ್ತಿರ ಮಾತ್ರ ಒಯ್ಯಬೇಡಿ ಮಾರಾಯ್ರೇ, 49 ಡಿಗ್ರಿ ದಾಟಿದರೆ ಡಬ್ಬಿ ಸಿಡಿಯಬಹುದು ಅಂತ ಅದರ ಮೇಲೇ ಬರೆದಿರುತ್ತೆ). ಗ್ಯಾರೇಜನ್ನು ಕರೆಂಟ್ ಹೀಟರಿನಿಂದ ಬೆಚ್ಚಗೆ ಮಾಡಿ, ಹೊಡೆಯೋ ಮುಂಚೆ ಪ್ಲಗ್ ಕಿತ್ತು, ಬಾಗಿಲು ಒಂದಷ್ಟು ತೆರೆದಿಟ್ಟೆ. ಗ್ಯಾಸ್ ಗೀಸರ್ ಗ್ಯಾರೇಜಲ್ಲೇ ಇರೋ ಮನೆಯವರು ಈ ಸಾಹಸಕ್ಕೆ ಕೈ ಹಾಕಲೇಬೇಡಿ, ಅದರ ಸಣ್ಣ ಉರಿ ಸಾಕು. ಮರ ಬೆಚ್ಚಗಿದ್ದರೆ ಥಿನ್ನರ್ ಎಷ್ಟೇ ಶಾಖ ಎಳೆದರೂ ಮೈ ಇಬ್ಬನಿಯ ಮಟ್ಟಕ್ಕೆ ಇಳಿಯೋಲ್ಲ, ಗುಟ್ಟೆಲ್ಲ ಇಷ್ಟೇ. ತೆಳುವಾಗಿ ಒಂದು ಕೈ, ಒಂದು ಗಂಟೆ ಬಿಟ್ಟು ಇನ್ನೊಂದು. ದಿನಕ್ಕೆ ಮೂರು.

ನಡುವೆ ಮಾವ ವಿಡಿಯೋ ಕಾಲ್ ಮಾಡಿದ. ಎರಡೂ ಕೆನ್ನೆಗೆ ಫಿಲ್ಟರ್ ಇರೋ ಮಾಸ್ಕ್ ಹಾಕ್ಕೊಂಡು ನಿಂತಿದ್ದೆ. "ಏನೋ ಇದು, ಆಂಜನೇಯನ ವೇಷ!" ಅಂತ ನಗೋಕೆ ಶುರು ಮಾಡಿದವನಿಗೆ ನಗು ಕೆಮ್ಮಾಯ್ತು, ಕೆಮ್ಮು ನಿಲ್ಲಲೇ ಇಲ್ಲ. ಅತ್ತೆ ಬಂದು ಫೋನ್ ಇಸ್ಕೊಂಡು ಇನ್‌ಹೇಲರ್ ಕೈಗೆ ಕೊಟ್ಟದ್ದು ಕಾಣಿಸಿತು. ಮೂವತ್ತು ವರ್ಷ ಮಾವ ಮೂಗಿಗೆ ಕಟ್ಟಿದ್ದು ಒದ್ದೆ ಕರ್ಚೀಫು. ಡಾಕ್ಟರು ಬೀಡಿಯಿಂದ ಅಂತಾರೆ, ಅತ್ತೆ ಪೇಂಟಿನಿಂದ ಅಂತಾಳೆ, ಮಾವ ಎರಡೂ ಅಲ್ಲ ವಯಸ್ಸು ಅಂತಾನೆ. ಒದ್ದೆ ಬಟ್ಟೆ ಬಣ್ಣದ ಹನಿಯನ್ನ ಒಂದಿಷ್ಟು ತಡೆಯಬಹುದು, ಥಿನ್ನರ್ ಆವಿಯನ್ನಲ್ಲ. ಆವಿಗೆ ಇದ್ದಿಲು ತುಂಬಿದ ಫಿಲ್ಟರೇ ಬೇಕು. ಇದನ್ನೆಲ್ಲ ಆಗ ಮಾವನಿಗೆ ಹೇಳುವವರು ಯಾರಿದ್ದರು?

ಸ್ವಲ್ಪ ಹೊತ್ತಿಗೆ ಮಾವನೇ ಮತ್ತೆ ಫೋನ್ ಮಾಡಿದ. ಈ ಸಲ ನಗಲಿಲ್ಲ. "ಅದಕ್ಕೆಷ್ಟೋ?" ಅಂದ. ಹೇಳಿದೆ. ಎರಡು ಡಬ್ಬಿ ಬಣ್ಣದ ದುಡ್ಡು. "ಫಿಲ್ಟರು ಎಷ್ಟು ದಿನ ಬರ್ತದೆ?" ಬಳಸಿದಂತೆ, ಮಾಸ್ಕ್ ಹಾಕಿದ್ದಾಗಲೂ ವಾಸನೆ ಬರೋಕೆ ಶುರುವಾದ್ರೆ ಮುಗೀತು ಅಂತ, ಅಲ್ಲಿ ತನಕ ಕಾಯದೆ ಬದಲಾಯಿಸೋದು ಒಳ್ಳೇದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಡಿ ಈಗ ಒಬ್ಬ ಹುಡುಗ ನೋಡ್ಕೊತಾನೆ. ಅವನಿಗೊಂದು ತಗೊಂಡು ಬಾ" ಅಂದ.

ಬಾಡಿ ಈಗ ಸ್ಟೋರ್ ರೂಮಲ್ಲಿ ತೂಗ್ತಾ ಇದೆ. ಈ ಬಣ್ಣ ಪೂರ್ತಿ ಗಟ್ಟಿಯಾಗೋಕೆ ಇನ್ನೂ ಮೂರು ನಾಲ್ಕು ವಾರ ಬೇಕು, ಆಮೇಲೆ ನೀರು ಹಾಕಿ ಉಜ್ಜೋ ಕೆಲಸ. ತಣ್ಣಗಾದ ಗಿಟಾರನ್ನ ತಟ್ಟನೆ ಬಿಸಿಗೆ ಒಡ್ಡಿದರೆ ಇದರ ಮೈಮೇಲೆ ಕೂದಲೆಳೆಯ ಬಿರುಕು ಬೀಳುತ್ತೆ, ಅದಕ್ಕೇ ಹಾಸನ ತಲುಪಿದ ಮೇಲೂ ಅರ್ಧ ದಿನ ಕೇಸ್ ತೆಗೀಬೇಡ ಅಂತ ಹುಡುಗನಿಗೆ ಈಗಲೇ ಹೇಳಿಟ್ಟಿದ್ದೀನಿ. ಕೇಳ್ತಾನೆ ಅನ್ನೋ ನಂಬಿಕೆ ಇಲ್ಲ. ಮಾಸ್ಕ್ ಮೀಡಿಯಂ ಸೈಜ್ ಆರ್ಡರ್ ಮಾಡಿದ್ದೀನಿ, ಜೊತೆಗೆ ಆರು ಜೊತೆ ಫಿಲ್ಟರು.