ಅಂಕಪಟ್ಟಿಯಲ್ಲಿ ಇಲ್ಲದ ಲೆಕ್ಕ

ಪ್ರತಿ ವರ್ಷ ಪಿಯುಸಿ ಮತ್ತು ಸಿಇಟಿ ಫಲಿತಾಂಶಗಳು ಬರುವ ದಿನಗಳಲ್ಲಿ ನನ್ನ ದೂರವಾಣಿಗೆ ಬಿಡುವಿರುವುದಿಲ್ಲ. ಹರ್ತಿಯ ಶಾಲೆಯಲ್ಲಿ ನನ್ನೆದುರು ಕುಳಿತು ಮಗ್ಗಿ ಒಪ್ಪಿಸಿದವರು ಈಗ ತಾವೇ ತಂದೆತಾಯಿಗಳಾಗಿದ್ದಾರೆ. "ಸರ, ಮಗಳಿಗೆ ಇಷ್ಟು ಮಾರ್ಕ್ಸ್ ಬಂದಾವ್ರಿ, ಯಾವ ಕಾಲೇಜು ಸಿಗಬಹುದು?" ಎಂದು ಕೇಳುತ್ತಾರೆ. ಗಣಿತದ ಮಾಸ್ತರನಾಗಿದ್ದವನು ಲೆಕ್ಕ ಹೇಳಲೇಬೇಕಲ್ಲ! ಆದರೆ ಅದಕ್ಕೂ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: "ಕೂಸು ಒಂದರಿಂದ ಹತ್ತರವರೆಗೆ ಎಲ್ಲಿ ಓದಿತು?" ಈ ಪ್ರಶ್ನೆಯನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಬಹಳ ದಿನಗಳಿಂದ ಅದನ್ನು ಬರೆದಿಡಬೇಕೆಂದಿದ್ದೆ.

2007ರ ಬೇಸಿಗೆ. ನಮ್ಮ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಒಬ್ಬ ಹುಡುಗನಿದ್ದ. ಹೆಸರು ಬೇಡ, ಓದುವವರಲ್ಲಿ ಕೆಲವರಿಗೆ ತಾನಾಗಿಯೇ ತಿಳಿದೀತು. ಲೆಕ್ಕದಲ್ಲಿ ಅವನಷ್ಟು ಚುರುಕಾದವರನ್ನು ನಾನು ಕಂಡದ್ದು ಕಡಿಮೆ. ಅವನ ತಂದೆಗೆ ನಾಲ್ಕೆಕರೆ ಎರೆಹೊಲ. ಹೆಸರು, ಉಳ್ಳಾಗಡ್ಡಿ, ಹಿಂಗಾರಿಗೆ ಕಡಲೆ. ಒಂದು ಸಂಜೆ ಬಸವೇಶ್ವರ ಗುಡಿಯ ಬಳಿ ಭೇಟಿಯಾಗಿ, "ಗುರುಗಳ, ಹುಡುಗನ್ನ ಇಲ್ಲೇ ಓದಸೂದೋ, ಗದಗಕ್ಕ ಕಳಸೂದೋ? ನೀವು ಹೇಳಿದಂಗ" ಎಂದರು. ನಾನು ಕ್ಷಣವೂ ಯೋಚಿಸಲಿಲ್ಲ. ಗದಗಿನಲ್ಲಿ ಇಂಗ್ಲಿಷ್ ಮಾಧ್ಯಮದ ಪ್ರೌಢಶಾಲೆಗೆ ಸೇರಿಸಿದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಬರುತ್ತವೆ, ಮುಂದೆ ಎಂಜಿನಿಯರಿಂಗ್ ಸೀಟು ಸುಲಭವಾಗುತ್ತದೆ ಎಂದುಬಿಟ್ಟೆ. ಅವರು ಮರುಮಾತಾಡದೆ ಹಾಗೆಯೇ ಮಾಡಿದರು. ಹುಡುಗ ಮೂರು ವರ್ಷ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕಗಳೇ ಬಂದವು. ನಾನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ.

2012ರಲ್ಲಿ ಅವನು ಸಿಇಟಿ ಬರೆದ. ಆ ಪರೀಕ್ಷೆಯ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುವುದು ಒಳ್ಳೆಯದು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ, 1994ರಿಂದ ನಮ್ಮ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ತಲಾ 60 ಅಂಕ, ಒಟ್ಟು 180. ಎಂಜಿನಿಯರಿಂಗ್ ರ‍್ಯಾಂಕಿಗೆ ಇದರ ಅರ್ಧ, ಪಿಯುಸಿಯಲ್ಲಿ ಅವೇ ಮೂರು ವಿಷಯಗಳ ಅಂಕಗಳ ಅರ್ಧ. ಒಬ್ಬಳಿಗೆ ಪಿಯುಸಿಯಲ್ಲಿ ಶೇ. 90, ಸಿಇಟಿಯಲ್ಲಿ 90 ಅಂಕ, ಅಂದರೆ ಶೇ. 50 ಬಂತೆನ್ನಿ, ಸರಾಸರಿ 70. ಇನ್ನೊಬ್ಬನಿಗೆ ಪಿಯುಸಿಯಲ್ಲಿ ಶೇ. 80, ಸಿಇಟಿಯಲ್ಲಿ 117, ಅಂದರೆ ಶೇ. 65, ಸರಾಸರಿ 72.5. ಪಿಯುಸಿಯಲ್ಲಿ ಹಿಂದಿದ್ದವನೇ ರ‍್ಯಾಂಕಿನಲ್ಲಿ ಮುಂದೆ. ಎಸ್ಸೆಸ್ಸೆಲ್ಸಿಯ ಅಂಕಗಳು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ! ನಾನು ಯಾವ ಅಂಕಗಳಿಗಾಗಿ ಅವನನ್ನು ಬಸ್ಸು ಹತ್ತಿಸಿದ್ದೆನೋ, ಅವು ವಿಜ್ಞಾನದ ಪಿಯು ಕಾಲೇಜಿನ ಬಾಗಿಲವರೆಗೆ ಬಂದು ನಿಂತುಬಿಟ್ಟಿದ್ದವು.

ಅರ್ಜಿ ತುಂಬಲು ಅವನು ನನ್ನ ಮನೆಗೆ ಬಂದ. ಅರ್ಜಿಯಲ್ಲಿ ಎರಡು ಪ್ರಶ್ನೆಗಳಿದ್ದವು. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದ್ದೀರಾ? ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದೀರಾ? ಮೊದಲನೆಯದಕ್ಕೆ ಶೇ. 15, ಎರಡನೆಯದಕ್ಕೆ ಶೇ. 5 ಮೀಸಲಾತಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಏಳು ವರ್ಷ ಹರ್ತಿ, ಮೂರು ವರ್ಷ ಗದಗ. ಗದಗ-ಬೆಟಗೇರಿ ನಗರಸಭೆಯ ಊರು. ಹುಡುಗ ಲೇಖನಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತ. ಆಮೇಲೆ ನಗುತ್ತ ಹೇಳಿದ: "ಸರ, ಇವರ ಲೆಕ್ಕದಾಗ ನಾ ಹಳ್ಳಿ ಹುಡುಗ ಅಲ್ಲಂತ್ರಿ."

ದಿನವೂ ಮನೆಗೆ ಬಂದು ಉಂಡು, ಹೊಲಕ್ಕೆ ನೀರು ಬಿಟ್ಟು, ಚಿಮಣಿಯ ಬೆಳಕಿನಲ್ಲಿ ಓದಿದ ಹುಡುಗ ಹೇಳಿದ ಮಾತಿದು. ಎರಡೂ ಪ್ರಶ್ನೆಗಳಿಗೆ 'ಇಲ್ಲ' ಎಂದು ಬರೆಸಿದವನು ನಾನೇ. ಅವನು ಬಯಸಿದ್ದ ಹುಬ್ಬಳ್ಳಿಯ ಸೀಟು ಸ್ವಲ್ಪದರಲ್ಲೇ ಕೈತಪ್ಪಿತು. ರ‍್ಯಾಂಕಿನಲ್ಲಿ ಅವನಿಗಿಂತ ಹಿಂದಿದ್ದ ಗ್ರಾಮೀಣ ವಿದ್ಯಾರ್ಥಿಗಳಿಗೆ ಅದೇ ಶಾಖೆಯಲ್ಲಿ ಸೀಟು ದೊರೆಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಮಾಸ್ತರನಿರುವ ಊರಿನಲ್ಲಿ ಗಳಿಸಿದ ಎಪ್ಪತ್ತು, ಟ್ಯೂಷನ್ನುಗಳ ನಡುವೆ ಗಳಿಸಿದ ಎಪ್ಪತ್ತೈದಕ್ಕಿಂತ ಕಡಿಮೆಯಲ್ಲವೆಂದು ನಾನೇ ಎಷ್ಟೋ ಸಲ ವಾದಿಸಿದವನು. ಆ ಮೀಸಲಾತಿ ಇರುವುದು ನ್ಯಾಯವೇ. ಆದರೆ ಅದು ಯಾರಿಗಾಗಿ ಇದೆಯೋ ಅಂಥವನೊಬ್ಬನನ್ನು ನಾನು ತಿಳಿಯದೆ ಅದರ ಹೊರಗೆ ನಿಲ್ಲಿಸಿದ್ದೆ.

ಅಂಕಗಳ ಬೆಲೆ ಅಂಕಗಳಲ್ಲಿ ಮಾತ್ರ ಇರುವುದಿಲ್ಲವೆಂಬುದಕ್ಕೆ ಆಮೇಲೆಯೂ ಎಷ್ಟೋ ಉದಾಹರಣೆ ಕಂಡೆ. ನಮ್ಮ ಜಿಲ್ಲೆಯ ಗಡಿ ದಾಟಿದರೆ ಕೊಪ್ಪಳ ಜಿಲ್ಲೆ. 2013ರಿಂದ ಸಂವಿಧಾನದ 371ಜೆ ವಿಧಿಯಂತೆ ಆ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟುಗಳು ಅಲ್ಲಿಯವರಿಗೆ, ರಾಜ್ಯದ ಉಳಿದೆಡೆ ಶೇ. 8. ಗದಗ ಅದರಲ್ಲಿಲ್ಲ. ಒಂದೇ ಮಳೆ, ಒಂದೇ ಎರೆಮಣ್ಣು. ಬೇರೆ ಬೇರೆ ರ‍್ಯಾಂಕು. 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆಯೇ ನಡೆಯದೆ, ಎಸ್ಸೆಸ್ಸೆಲ್ಸಿಗೆ 45, ಪ್ರಥಮ ಪಿಯುಸಿಗೆ 45, ಆಂತರಿಕ ಮೌಲ್ಯಮಾಪನಕ್ಕೆ 10 ಎಂದು ಹಂಚಿ ಅಂಕ ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ 600ಕ್ಕೆ 600 ಬಂದವು. ಆ ವರ್ಷ ರ‍್ಯಾಂಕಿಗೆ ಸಿಇಟಿ ಅಂಕಗಳನ್ನು ಮಾತ್ರ ಹಿಡಿದರು. ಮರುವರ್ಷ ಮತ್ತೆ ಸಿಇಟಿ ಬರೆದ ಅದೇ ಮಕ್ಕಳ ಪಿಯು ಅಂಕಗಳನ್ನು ಎಣಿಸಬೇಕೇ ಬೇಡವೇ ಎಂಬ ಪ್ರಶ್ನೆ ಹೈಕೋರ್ಟಿನವರೆಗೆ ಹೋಯಿತು. ಅಂಕಪಟ್ಟಿ ಅದೇ, ಅಳೆಯುವ ಕೋಲು ಬೇರೆ.

ಆ ಹುಡುಗ ದೂರದ ಒಂದು ಕಾಲೇಜಿನಲ್ಲಿ, ತಾನು ಬಯಸದಿದ್ದ ಶಾಖೆಯಲ್ಲಿ ಓದಿದ. ಈಗ ಕೆಲಸದಲ್ಲಿದ್ದಾನೆ, ಚೆನ್ನಾಗಿದ್ದಾನೆ. ಅವನ ತಂದೆಯ ಬಳಿ ಒಮ್ಮೆ ನನ್ನ ತಪ್ಪನ್ನು ಒಪ್ಪಿಕೊಂಡೆ. "ಬಿಡ್ರಿ ಗುರುಗಳ, ನೀವು ಛಲೋದಕ್ಕನ ಹೇಳಿದ್ರಿ" ಎಂದು ಚಹಾ ತರಿಸಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ನಿವೃತ್ತಿಯವರೆಗೂ ಏಳನೆಯ ತರಗತಿಯ ಪಾಲಕರ ಸಭೆಯಲ್ಲಿ ಈ ಎರಡು ನಿಯಮಗಳನ್ನು ಹಲಗೆಯ ಮೇಲೆ ಬರೆಯದೆ ನಾನು ಮಾತು ಮುಗಿಸಲಿಲ್ಲ. ಪೇಟೆಗೆ ಕಳಿಸಬೇಡಿ ಎಂದು ಹೇಳುತ್ತಿರಲಿಲ್ಲ. ಕಳಿಸಿದರೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂದಷ್ಟೇ ಹೇಳುತ್ತಿದ್ದೆ. ಇದನ್ನು ಓದುವ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಅದನ್ನೇ ಹೇಳುತ್ತೇನೆ. ಮಕ್ಕಳ ಶಾಲೆ ಬದಲಿಸುವ ಮುನ್ನ ಆ ವರ್ಷದ ನಿಯಮಪುಸ್ತಿಕೆ ಓದಿರಿ. ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿರಿ. ಸಂದೇಹವಿದ್ದರೆ ನನಗೆ ಫೋನು ಮಾಡಿರಿ; ಈಗ ನಾನು ಉತ್ತರ ಕೊಡಲು ಅವಸರ ಮಾಡುವುದಿಲ್ಲ.